ಬೆತ್ತ, ಲೇತ್, ಕೀಲಿಮಣೆ: ಅಂಗವಿಕಲರ ವೃತ್ತಿ ತರಬೇತಿ ನಡೆದು ಬಂದ ದಾರಿ

ಭಾರತದಲ್ಲಿ ಅಂಗವಿಕಲರಿಗೆ ಕಸುಬು ಕಲಿಸುವ ಕೆಲಸ ಶುರುವಾದದ್ದು ಅಂಧರ ಮತ್ತು ಕಿವುಡರ ಶಾಲೆಗಳಲ್ಲಿ. 1887ರಲ್ಲಿ ಆ್ಯನಿ ಶಾರ್ಪ್ ಎಂಬ ಮಿಷನರಿ ಅಮೃತಸರದಲ್ಲಿ ತೆರೆದ ಶಾಲೆ ಅಂಧರಿಗಾಗಿ ದೇಶದಲ್ಲೇ ಮೊದಲನೆಯದು. ಮೈಸೂರಿನ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರದು. ಇಂಥ ಶಾಲೆಗಳಲ್ಲಿ ಅಕ್ಷರದಷ್ಟೇ ಕೈಕಸುಬಿಗೂ ಜಾಗವಿತ್ತು. ಅಂಧರಿಗೆ ಬೆತ್ತದ ಹೆಣಿಗೆ, ನೇಯ್ಗೆ, ಸಂಗೀತ. ಕಿವುಡರಿಗೆ ಬಡಗಿ ಕೆಲಸ, ಹೊಲಿಗೆ, ಅಚ್ಚುಮೊಳೆ ಜೋಡಣೆ. ಯಾರಿಗೆ ಯಾವ ಕೆಲಸ ಎಂಬುದನ್ನು ಕಲಿಸುವವರೇ ತೀರ್ಮಾನಿಸುತ್ತಿದ್ದರು.

ಬೆತ್ತದ ಕುರ್ಚಿ ಹೆಣೆಯುವ ಕೆಲಸ ಅಂಧರ ಕಸುಬೆಂದೇ ಹೆಸರಾಗಲು ಕಾರಣವಿದೆ. ಕುರ್ಚಿಯ ಚೌಕಟ್ಟಿನ ಅಂಚಿನುದ್ದಕ್ಕೂ ಸಮ ಅಂತರದ ತೂತುಗಳಿರುತ್ತವೆ. ನೀರಿನಲ್ಲಿ ನೆನೆದು ಮೆತ್ತಗಾದ ಬೆತ್ತದ ಸೀಳನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಎರಡೂ ಮಗ್ಗುಲಿಂದ ಓರೆಯಾಗಿ ಎಳೆದರೆ ಎಂಟು ಮೂಲೆಯ ಕಣ್ಣುಗಳ ಜಾಲರಿ ಏಳುತ್ತದೆ. ತೂತು ಎಣಿಸುವುದು, ಎಳೆಯ ಬಿಗಿ ನೋಡುವುದು, ಸಡಿಲವಾದಲ್ಲಿ ಬಿಚ್ಚಿ ಮತ್ತೆ ಎಳೆಯುವುದು, ಎಲ್ಲವೂ ಬೆರಳಿನ ಲೆಕ್ಕ. ಕಚೇರಿಗಳಲ್ಲಿ ಬೆತ್ತದ ಕುರ್ಚಿಗಳೇ ತುಂಬಿದ್ದ ಕಾಲಕ್ಕೆ ಇದು ಅನ್ನ ಕೊಡುವ ವಿದ್ಯೆಯಾಗಿತ್ತು. ಪ್ಲಾಸ್ಟಿಕ್ಕೂ ಫೋಮೂ ಬಂದ ಮೇಲೂ ಎಷ್ಟೋ ಕೇಂದ್ರಗಳು ಅದನ್ನು ಬಿಡಲಿಲ್ಲ. ಮೇಣದಬತ್ತಿ, ಸೀಮೆಸುಣ್ಣ, ಲಕೋಟೆಗಳನ್ನು ಜೊತೆಗೆ ಸೇರಿಸಿಕೊಂಡವಷ್ಟೆ. ಅಲ್ಲಿ ತಯಾರಾದ ಮಾಲನ್ನು ಜನ ಕನಿಕರದಿಂದ ಕೊಂಡರು. ಕನಿಕರದ ಗಿರಾಕಿ ಬರುವುದು ಹಬ್ಬಕ್ಕೊಮ್ಮೆ.

ವಯಸ್ಕರ ತರಬೇತಿಗೆ ಪ್ರತ್ಯೇಕ ವ್ಯವಸ್ಥೆ ಮೂಡಿದ್ದು ಎರಡನೆಯ ಮಹಾಯುದ್ಧದ ನಡುವೆ. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಹಾಸ್ಟೆಲ್ ತೆರೆಯಿತು. ಅದರ ಹೊಣೆ ಹೊತ್ತ ಕ್ಲೂಥಾ ಮೆಕೆಂಜಿ ಗ್ಯಾಲಿಪೊಲಿಯ ಕಾಳಗದಲ್ಲಿ ಕಣ್ಣು ಕಳೆದುಕೊಂಡಿದ್ದ ನ್ಯೂಜಿಲೆಂಡಿನ ಯೋಧ. ಈ ನೆಲೆಯ ಮೇಲೆಯೇ 1950ರಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರ ಬೆಳೆಯಿತು. 1959ರಲ್ಲಿ ಮುಂಬಯಿಯಲ್ಲಿ ಅಂಗವಿಕಲರ ವಿಶೇಷ ಉದ್ಯೋಗ ವಿನಿಮಯ ಕೇಂದ್ರ, 1968ರಲ್ಲಿ ಮುಂಬಯಿ ಮತ್ತು ಹೈದರಾಬಾದಿನಲ್ಲಿ ಮೊದಲ ವೃತ್ತಿ ಪುನರ್ವಸತಿ ಕೇಂದ್ರಗಳು ಬಂದವು. 1977ರಲ್ಲಿ ಕೇಂದ್ರ ಸರ್ಕಾರದ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ. 3ರಷ್ಟು ಮೀಸಲಾತಿ ಜಾರಿಗೆ ಬಂತು. ಮೇಲಿನ ದರ್ಜೆಗಳಿಗೆ ಅದು ಆಗ ಅನ್ವಯಿಸಲಿಲ್ಲ.

ಬೆಂಗಳೂರಿನ ಕಥೆ ಬೇರೆ ಜಾಡು ಹಿಡಿಯಿತು. 1959ರಲ್ಲಿ ಎನ್. ಎಸ್. ಹೇಮಾ ಇಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದರು. ಅವರು ಸ್ವತಃ ಪೋಲಿಯೊ ಪೀಡಿತರು, ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದವರು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಬೆಳೆಯುತ್ತಿದ್ದ ಊರು ಇದು. ಫಿಟ್ಟರ್, ಟರ್ನರ್ ಎಂಬ ಪದಗಳು ಮನೆಮಾತಾಗಿದ್ದವು. ಲೇತ್ ಯಂತ್ರಕ್ಕೆ ಬೇಕಾದದ್ದು ಪಳಗಿದ ಕೈ, ಅಳತೆಯ ಕಣ್ಣು. ಆಸನದ ಎತ್ತರ ಹೊಂದಿಸಿದರೆ, ಕಾಲಿನ ಪೆಡಲಿನ ಬದಲು ಕೈಹಿಡಿ ಇಟ್ಟರೆ, ಕಾಲಿನಲ್ಲಿ ಬಲವಿಲ್ಲದವರಿಗೂ ಯಂತ್ರದ ಕೆಲಸ ಒಲಿಯುತ್ತದೆ. ಎಪಿಡಿ ಕೈಗಾರಿಕಾ ತರಬೇತಿಯ ಜೊತೆಗೆ ತೋಟಗಾರಿಕೆಯನ್ನೂ ಕಲಿಸಿತು. ಉದ್ಯಾನ ನಗರಿಗೆ ಮಾಲಿಗಳು ಯಾವಾಗಲೂ ಬೇಕು. ಬೇಡಿಕೆ ಎಲ್ಲಿದೆ ಎಂದು ಮೊದಲು ನೋಡಿ, ಆಮೇಲೆ ಪಾಠ ಕಟ್ಟಿದ್ದೇ ಇಲ್ಲಿನ ಹೆಚ್ಚುಗಾರಿಕೆ. ಮೈಸೂರಿನಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಅಂಗವಿಕಲರಿಗೆಂದೇ ಪಾಲಿಟೆಕ್ನಿಕ್ ತೆರೆದು ಡಿಪ್ಲೊಮಾ ಕೊಡತೊಡಗಿತು.

ಬೆತ್ತದ ಯುಗಕ್ಕೆ ತೆರೆ ಎಳೆದದ್ದು ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ. ವಿಂಡೋಸ್‌ಗಾಗಿ ಜಾಸ್ ಎಂಬ ಇಂಥ ತಂತ್ರಾಂಶ 1995ರಲ್ಲಿ ಬಂತು. ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. 2006ರಲ್ಲಿ ಬಂದ ಎನ್‌ವಿಡಿಎಗೆ ಕಾಸು ಬೇಕಿಲ್ಲ. ಕಲಿಯುವ ಅಂಧರು ಮೌಸ್ ಮುಟ್ಟುವುದಿಲ್ಲ. ಟ್ಯಾಬ್ ಮತ್ತು ಬಾಣದ ಕೀಲಿಗಳಲ್ಲೇ ಪುಟವಿಡೀ ಸುತ್ತಾಡುತ್ತಾರೆ. ಪಳಗಿದ ಮೇಲೆ ಧ್ವನಿಯ ವೇಗ ಎಷ್ಟು ಏರಿಸುತ್ತಾರೆಂದರೆ ಪಕ್ಕದಲ್ಲಿ ಕುಳಿತವರಿಗೆ ಒಂದು ಪದವೂ ದಕ್ಕುವುದಿಲ್ಲ. ಬೆಂಗಳೂರಿನಲ್ಲಿ ಮಹಾಂತೇಶ ಜಿ. ಕಿವಡಸಣ್ಣವರ ಅವರ ಸಮರ್ಥನಂ ಸಂಸ್ಥೆ 1997ರಲ್ಲಿ, ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಅವರ ಎನೇಬಲ್ ಇಂಡಿಯಾ ಸಂಸ್ಥೆ 1999ರಲ್ಲಿ ಆರಂಭವಾದವು. ಐಟಿ ಕಂಪನಿಗಳ ನೆರೆಯಲ್ಲಿದ್ದುದರಿಂದ ಇಂಗ್ಲಿಷ್ ಮಾತು, ಸಂದರ್ಶನ, ಒಬ್ಬರೇ ಬಸ್ಸು ಹಿಡಿದು ಕಚೇರಿಗೆ ಹೋಗಿಬರುವುದು, ಇವೂ ಪಾಠವಾದವು. ಅಭ್ಯರ್ಥಿಯ ಜೊತೆಗೆ ಕಂಪನಿಯನ್ನೂ ತಯಾರು ಮಾಡಬೇಕೆಂಬ ತಿಳಿವಳಿಕೆ ಬಂದದ್ದು ಈ ಹೊತ್ತಿನಲ್ಲಿ.

ಬೌದ್ಧಿಕ ಅಂಗವಿಕಲರು ಈ ಸಾಲಿನಲ್ಲಿ ತೀರಾ ಹಿಂದೆ ಉಳಿದರು. 1995ರ ಅಂಗವಿಕಲರ ಕಾಯ್ದೆ ಕೂಡ ಉದ್ಯೋಗ ಮೀಸಲನ್ನು ಅಂಧರು, ಕಿವುಡರು, ಚಲನೆಯ ತೊಂದರೆ ಇರುವವರಿಗೆ ಮಾತ್ರ ಹಂಚಿತ್ತು. ಬೌದ್ಧಿಕ ಅಂಗವಿಕಲರಿಗೂ ಕೆಲಸ ಕೊಡುವ ಮಿಟ್ಟಿ ಕೆಫೆ 2017ರಲ್ಲಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ ಮೊದಲು ತೆರೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 21ಕ್ಕೆ, ಸರ್ಕಾರಿ ಮೀಸಲನ್ನು ಶೇ. 4ಕ್ಕೆ ಏರಿಸಿ ಬೌದ್ಧಿಕ ಅಂಗವಿಕಲರನ್ನೂ ಒಳಗೆ ತಂದಿತು. ಖಾಸಗಿ ಕಂಪನಿಗಳಿಗೆ ಮಾತ್ರ ಅದು ಹೇಳುವುದು ಪ್ರೋತ್ಸಾಹಧನದ ಮಾತು, ಕಡ್ಡಾಯವಿಲ್ಲ. ತರಬೇತಿ ಮುಗಿಸಿದವರ ಖಾಸಗಿ ನೌಕರಿ ಈಗಲೂ ಮಾಲೀಕರ ಮನಸ್ಸಿಗೆ ಬಿಟ್ಟದ್ದು.