ಸಕ್ಕರೆಗೊಂದು ಜೊತೆ: ಪುಣೆಯಿಂದ ಹೊರಟ ಲಸಿಕೆಯ ಕಥೆ

ಬಿಬವೇವಾಡಿಯಲ್ಲಿರುವ ನಮಗೆ ಹಡಪಸರ ದೂರವೇನಲ್ಲ. ಅಲ್ಲಿನ ಸೀರಮ್ ಇನ್‌ಸ್ಟಿಟ್ಯೂಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕೊರೊನಾ ಲಸಿಕೆ. ಅದಕ್ಕೂ ಹತ್ತು ವರ್ಷ ಮೊದಲು ಅಲ್ಲಿಂದ ಹೊರಟ ಇನ್ನೊಂದು ಲಸಿಕೆಯ ಬಗ್ಗೆ ಗೆಳತಿಯರಿಗೆ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಹೊರಗಿನದು ಏನೇ ಒಳಹೊಕ್ಕರೂ ದೇಹ ಅದರ ಮೇಲೆ ಯುದ್ಧ ಸಾರುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ವಸ್ತು ಪರಕೀಯವಾಗಿದ್ದರಷ್ಟೇ ಸಾಲದು. ಸಾಕಷ್ಟು ದೊಡ್ಡದಾಗಿರಬೇಕು, ರಚನೆಯೂ ಜಟಿಲವಾಗಿರಬೇಕು. ಪ್ರೋಟೀನನ್ನು ದೇಹ ಚೆನ್ನಾಗಿ ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ. ಆದರೆ ಮಿದುಳು ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ತರುವ ಬ್ಯಾಕ್ಟೀರಿಯಾ ಸಕ್ಕರೆ ಸರಪಳಿಯ ಹೊದಿಕೆ ಹೊದ್ದಿರುತ್ತದೆ. ಬರೀ ಆ ಸಕ್ಕರೆಯಿಂದ ಮಾಡಿದ ಲಸಿಕೆ ದೊಡ್ಡವರಿಗೆ ಕೆಲವು ವರ್ಷ ರಕ್ಷಣೆ ಕೊಡುತ್ತಿತ್ತು. ಎಳೆಯ ಕೂಸುಗಳಲ್ಲಿ ಅಷ್ಟಾಗಿ ಫಲಿಸುತ್ತಿರಲಿಲ್ಲ.

ಇದಕ್ಕೆ ಉಪಾಯವನ್ನು 1929ರಲ್ಲೇ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಆವೆರಿ ಮತ್ತು ಗೋಬೆಲ್ ತೋರಿಸಿಕೊಟ್ಟಿದ್ದರು: ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸುವುದು. ಆಗ ಟಿ-ಕೋಶಗಳು ಪ್ರೋಟೀನಿನ ತುಣುಕನ್ನು ಗುರುತಿಸಿ, ಸಕ್ಕರೆಯ ವಿರುದ್ಧ ಪ್ರತಿಕಾಯ ತಯಾರಿಸುವ ಬಿ-ಕೋಶಗಳ ನೆರವಿಗೆ ಬರುತ್ತವೆ. ಕಹಿ ಮದ್ದಿಗೆ ಬೆಲ್ಲ ಬೆರೆಸುವುದು ನಮಗೆ ಗೊತ್ತು. ಇಲ್ಲಿ ಸಕ್ಕರೆಗೇ ಜೊತೆ ಬೇಕಾಯಿತು.

1996–97ರಲ್ಲಿ ಸಹಾರಾದ ದಕ್ಷಿಣದ ದೇಶಗಳಲ್ಲಿ ಈ ರೋಗ ಸುಮಾರು 25,000 ಜನರನ್ನು ಬಲಿ ತೆಗೆದುಕೊಂಡಿತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾಥ್ ಸಂಸ್ಥೆ ಹೊಸ ಲಸಿಕೆಗೆ ಕೈಹಾಕಿದವು. ಆಫ್ರಿಕಾದವರ ಮಾತು ಸ್ಪಷ್ಟವಿತ್ತು: ಒಂದು ಡೋಸಿಗೆ 50 ಸೆಂಟ್‌ಗಿಂತ ಕಡಿಮೆ ಬೆಲೆಯಿರಬೇಕು. ಆ ಬೆಲೆಗೆ ಒಪ್ಪಿ ತಯಾರಿಸಿದ್ದು ನಮ್ಮ ಹಡಪಸರದ ಸಂಸ್ಥೆ. 1966ರಲ್ಲಿ ಆರಂಭವಾದ ಅದರ ಮೊದಲ ಕೆಲಸ, ಕುದುರೆಯ ರಕ್ತದಿಂದ ಧನುರ್ವಾಯು ನಿರೋಧಕ ಸೀರಮ್ ತಯಾರಿಸುವುದು. ಹೊಸ ಲಸಿಕೆಯಲ್ಲಿ ಸಕ್ಕರೆಯ ಜೊತೆಗಾರನಾದದ್ದೂ ಧನುರ್ವಾಯುವಿನ ಟಾಕ್ಸಾಯ್ಡ್ ಪ್ರೋಟೀನೇ. ಬಸಿರಿನಲ್ಲಿ ನಾವು ಹಾಕಿಸಿಕೊಂಡ ಟಿಟಿ ಚುಚ್ಚುಮದ್ದಿನಲ್ಲಿದ್ದದ್ದೇ ಅದು!

‘ಮೆನ್‌ಆಫ್ರಿವ್ಯಾಕ್’ ಎಂಬ ಈ ಲಸಿಕೆಯ ಅಭಿಯಾನ 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಶುರುವಾಯಿತು. ಮುಂದೆ 30 ಕೋಟಿಗೂ ಹೆಚ್ಚು ಜನರಿಗೆ ಅದು ತಲುಪಿತು. ಸಾವಿರಾರು ಜೀವ ತೆಗೆದಿದ್ದ ‘ಎ’ ಗುಂಪಿನ ಮೆನಿಂಜೈಟಿಸ್ ಆ ದೇಶಗಳಿಂದ ಬಹುತೇಕ ಮಾಯವಾಯಿತು.

ನಮ್ಮ ಮಕ್ಕಳು, ಮೊಮ್ಮಕ್ಕಳಿಗೆ ಹಾಕಿಸುವ ಪೆಂಟಾವೇಲೆಂಟ್ ಲಸಿಕೆಯ ‘ಹಿಬ್’ ಅಂಶವೂ ಹೀಗೆಯೇ ಸಕ್ಕರೆ-ಪ್ರೋಟೀನುಗಳ ಜೋಡಿ. ಮುಂದಿನ ಸಲ ಲಸಿಕೆಯ ಕಾರ್ಡ್ ತೆರೆದಾಗ ಆ ಸಾಲನ್ನೊಮ್ಮೆ ಗಮನಿಸಿ ನೋಡಿ.