ರೇಷ್ಮೆಹುಳುವಿನ ಒಡಲೊಳಗಿನ ಕಾರ್ಖಾನೆ

ಮೈಸೂರು ಸೀಮೆಯ ರೇಷ್ಮೆಯ ಚರಿತ್ರೆಯನ್ನು ಟಿಪ್ಪು ಸುಲ್ತಾನನಿಂದ ಮೊದಲುಮಾಡುವುದು ವಾಡಿಕೆ. 1780ರ ದಶಕದಲ್ಲಿ ಆತನು ಬಂಗಾಳದಿಂದ ಹುಳುಗಳನ್ನು ತರಿಸಿ ಸಾಕಣೆಗೆ ಏರ್ಪಾಡು ಮಾಡಿದನು. ಕಾಲಕ್ರಮದಲ್ಲಿ ಆ ಕಸುಬು ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಒಕ್ಕಲು ಮಕ್ಕಳಿಗೂ ಜೀವನೋಪಾಯವಾಯಿತು. ಆದರೆ ಹುಳುವಿನ ಒಡಲಿಗೂ ಒಂದು ಚರಿತ್ರೆಯುಂಟು. ಅದನ್ನು ಓದಲು ಮನುಷ್ಯನಿಗೆ ಮುನ್ನೂರು ವರ್ಷ ಹಿಡಿಯಿತು.

1669ರಲ್ಲಿ ಇಟಲಿಯ ಮಾಲ್ಪೀಘಿ ಎಂಬ ವೈದ್ಯನು ಹುಳುವನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ ಅಂಗಾಂಗಗಳನ್ನು ವರ್ಣಿಸಿದನು. ಹುಳುವಿನ ಎರಡು ಮಗ್ಗುಲಲ್ಲೂ ಸುರುಳಿಸುತ್ತಿದ ಒಂದೊಂದು ಗ್ರಂಥಿಯಿದೆ. ಅದರ ಹಿಂಭಾಗವು ಫೈಬ್ರಾಯಿನ್ ಎಂಬ ನೂಲಿನ ತಿರುಳನ್ನೂ, ನಡುಭಾಗವು ಸೆರಿಸಿನ್ ಎಂಬ ಅಂಟನ್ನೂ ಸ್ರವಿಸುತ್ತವೆ.

ಜೀವಕೋಶದೊಳಗೆ ಹುಟ್ಟಿದ ಸರಕು ಗ್ರಂಥಿಯ ಕೊಳವೆಯನ್ನು ಸೇರುವುದು ಹೇಗೆ? ವಿದ್ಯುನ್ಮಾನ ಸೂಕ್ಷ್ಮದರ್ಶಕವು ಬಂದ ಮೇಲೆ, 1960ರ ದಶಕದಲ್ಲಿ, ಜೀವಕೋಶವು ಬರಿಯ ಲೋಳೆಯ ಚೀಲವಲ್ಲ, ಅದರೊಳಗೆ ನಳಿಕೆ ತಂತುಗಳ ಪಂಜರವೊಂದಿದೆಯೆಂದು ಸ್ಪಷ್ಟವಾಯಿತು. 1970ರ ದಶಕದಲ್ಲಿ ಜಪಾನಿನ ಸಸಾಕಿ, ತಾಷಿರೋ ಮೊದಲಾದವರು ರೇಷ್ಮೆಗ್ರಂಥಿಯಲ್ಲಿ ಈ ಪಂಜರವನ್ನು ಪರೀಕ್ಷಿಸಿದರು. ಸೂಕ್ಷ್ಮನಳಿಕೆಗಳನ್ನು ಕೆಡಿಸುವ ಕಾಲ್ಚಿಸೀನ್ ಎಂಬ ವಿಷವನ್ನು ಉಣಿಸಿದಾಗ ಸಾಗಣೆ ತಡೆಯಿತು. ಫೈಬ್ರಾಯಿನ್ ತುಂಬಿದ ಕಣಗಳು ದಾರಿ ಕಾಣದೆ ಒಳಗೇ ಉಳಿದವು. ನಳಿಕೆಗಳೇ ಹೆದ್ದಾರಿಗಳೆಂಬುದು ಇದರಿಂದ ತಿಳಿದುಬಂತು. ಕೊಳವೆಯ ಅಂಚಿನಲ್ಲಿ ಸುತ್ತಿಕೊಂಡಿರುವ ತಂತುಗಳು ಸುಂಕದ ಕಟ್ಟೆಯಂತೆ ಬಿಡುಗಡೆಯ ಹದವನ್ನು ಕಾಯುತ್ತವೆಂದು ಅವರು ಊಹಿಸಿದರು. ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಈ ವಿಷವೇ ಇದೆ.

ಇದರಿಂದ ರೈತನಿಗೇನು ಎಂದು ಕೇಳಬಹುದು. ಹುಳು ಮೊಟ್ಟೆಯಿಂದ ಹೊರಬಂದ ಮೇಲೆ ಈ ಗ್ರಂಥಿಯ ಕೋಶಗಳ ಸಂಖ್ಯೆ ಹೆಚ್ಚುವುದಿಲ್ಲ. ಇದ್ದವೇ ಹಿಗ್ಗಿ ದುಡಿಯಬೇಕು. ನಾಲ್ಕನೆಯ ಜ್ವರವೆದ್ದ ಮೇಲಿನ ಒಂದು ವಾರದಲ್ಲಿ ಗ್ರಂಥಿ ಭರದಿಂದ ಬೆಳೆಯುತ್ತದೆ. ಗೂಡಿನ ನೂಲಿನ ಬಹುಪಾಲು ಆಗಲೇ ಸಿದ್ಧವಾಗುತ್ತದೆ. ಆ ದಿನಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬಾಡಿದರೆ, ಸೆಕೆ ಮಿತಿಮೀರಿದರೆ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಾಗ ಗೂಡು ಜೊಳ್ಳಾಗುತ್ತದೆ. ಹಿಂದೆ ಆದ ನಷ್ಟವನ್ನು ಆಗ ತುಂಬಿಕೊಡುವ ಉಪಾಯವಿಲ್ಲ. ಸಾಲ ಮಾಡಿ ಮೊಟ್ಟೆ ತಂದ ಮನೆಯ ಲೆಕ್ಕವೇ ತಲೆಕೆಳಗಾಗುತ್ತದೆ.

ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯು 1990ರ ದಶಕದಲ್ಲಿ ಹೆಚ್ಚು ನೂಲು ಕೊಡುವ ತಳಿಗಳನ್ನು ಹೊರತಂದಿತು. ತಳಿ ಹೊಸದಾದರೂ ಒಡಲೊಳಗಿನ ದಾರಿ ಹಳೆಯದೇ. ಸೀರೆಯ ನಯವನ್ನು ಮೆಚ್ಚುವ ನಾವು, ಆ ವಾರವೆಲ್ಲ ನಿದ್ದೆಗೆಟ್ಟು ಸೊಪ್ಪು ಹಾಕಿದ ಕೈಗಳಿಗೆ ತಕ್ಕ ಬೆಲೆ ಸಂದಿತೇ ಎಂದೂ ಕೇಳುವುದು ನ್ಯಾಯ.