ಮನೆಯ ಬೆಲೆ, ನುಡಿಯ ನೆಲೆ

ಬ್ರಿಟನ್ ದ್ವೀಪದ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿ. ಪಶ್ಚಿಮಕ್ಕೆ ಕಡಲೊಳಗೆ ಚಾಚಿಕೊಂಡಿರುವ ನಾಡೇ ವೇಲ್ಸ್. ಅದರ ವಾಯವ್ಯ ಮೂಲೆಯಲ್ಲಿ, ಮೆನಾಯ್ ಜಲಸಂಧಿಯ ದಡದ ಮೇಲೆ, ಕೈರ್ನಾರ್ವನ್ ಎಂಬ ಪಟ್ಟಣವಿದೆ. ವೆಲ್ಷ್ ಭಾಷೆಯಲ್ಲಿ ‘ಕೈರ್’ ಎಂದರೆ ಕೋಟೆ. ‘ಆರ್ವನ್’ ಎಂದರೆ ಮೋನ್ ದ್ವೀಪಕ್ಕೆ ಎದುರಾದ ಸೀಮೆ. ಸುಮಾರು ಹತ್ತು ಸಾವಿರ ಜನರಿರುವ ಈ ಊರಿನ ಚರಿತ್ರೆಯಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ: ಇಲ್ಲಿ ಮನೆ ಮಾಡಲು ಯಾರು ಅರ್ಹರು?

ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವೇಲ್ಸನ್ನು ಗೆದ್ದು 1283ರಲ್ಲಿ ಇಲ್ಲಿ ಕೋಟೆಯನ್ನೂ ಊರಗೋಡೆಯನ್ನೂ ಕಟ್ಟಿಸಲು ತೊಡಗಿದನು. ಗೋಡೆಯ ಒಳಗೆ ನಿವೇಶನ ದೊರೆತದ್ದು ಇಂಗ್ಲೆಂಡಿನಿಂದ ಬಂದ ವಸಾಹತುಗಾರರಿಗೆ. ಸುತ್ತಲಿನ ವೆಲ್ಷರು ಸಂತೆಗೆ ಒಳಗೆ ಬರಬೇಕು, ಒಕ್ಕಲಾಗುವಂತಿಲ್ಲ! ಓವೈನ್ ಗ್ಲಿಂಡೂರನ ದಂಗೆಯ ಕಾಲದಲ್ಲಿ, 1401ರಲ್ಲಿ, ವೆಲ್ಷರು ಇಂತಹ ಪಟ್ಟಣಗಳಲ್ಲಿ ಭೂಮಿ ಕೊಳ್ಳಬಾರದೆಂದು ಶಾಸನವೇ ಆಯಿತು. ಅಂತಹ ಶಾಸನಗಳು ಕಾಗದದ ಮೇಲೆ 1624ರವರೆಗೆ ಉಳಿದಿದ್ದುವು. ಜನಜೀವನ ಅದಕ್ಕೆ ಎಷ್ಟೋ ಮೊದಲೇ ಅವುಗಳನ್ನು ದಾಟಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ನಾಂಟ್ಲೆ ಕಣಿವೆಯ ಗಣಿಗಳಿಂದ ಹೆಂಚಿನಂತೆ ಸೂರಿಗೆ ಹೊದಿಸುವ ಸ್ಲೇಟುಕಲ್ಲು ಇಲ್ಲಿಗೆ ಬರತೊಡಗಿತು. 1828ರಲ್ಲಿ ಕುದುರೆಗಳು ಎಳೆಯುವ ರೈಲುದಾರಿ ಬಂದಿತು. ಬಂದರಿನಲ್ಲಿ ಹಡಗುಗಳು ತುಂಬಿದುವು. ಗಣಿಯ ಕೂಲಿ, ಹಡಗಿನ ನಾವಿಕ, ಅಂಗಡಿಯವ, ಅಚ್ಚುಕೂಟದವ, ಎಲ್ಲರದೂ ಒಂದೇ ನುಡಿ. 1855ರಲ್ಲಿ ವೆಲ್ಷ್ ಪತ್ರಿಕೆ ‘ಅರ್ ಹೆರಾಲ್ಡ್ ಗಮ್ರಾಯ್ಗ್’ ಇಲ್ಲಿಯೇ ಹುಟ್ಟಿತು. ಯಾರನ್ನು ಹೊರಗಿಡಲು ಗೋಡೆ ಎದ್ದಿತೋ ಅವರ ಭಾಷೆಯೇ ಗೋಡೆಯೊಳಗೆ ಮನೆಮಾತಾಯಿತು. 2011ರ ಜನಗಣತಿಯಲ್ಲಿಯೂ ಈ ಪಟ್ಟಣದ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ವೆಲ್ಷ್ ಬಲ್ಲವರೆಂದು ಲೆಕ್ಕ ಸಿಕ್ಕಿತು.

ಆದರೆ ಗಣಿಗಳ ಕಾಲ ಮುಗಿಯಿತು. ನಾಂಟ್ಲೆಯ ದೊಡ್ಡ ಗಣಿ ಡೊರೊಥಿಯಾ 1970ರಲ್ಲಿ ಮುಚ್ಚಿತು. ಕೆಲಸ ಅರಸಿ ಯುವಕರು ಊರು ಬಿಟ್ಟರು. ಅದೇ ಕಾಲದಲ್ಲಿ ದೂರದ ನಗರಗಳ ಸ್ಥಿತಿವಂತರು ಬೇಸಗೆಯ ವಿಹಾರಕ್ಕೆಂದು ಕರಾವಳಿಯ ಮನೆಗಳನ್ನು ಕೊಳ್ಳತೊಡಗಿದರು. ಕೈರ್ನಾರ್ವನ್ನಿಗಿಂತ ಅದರ ನೈರುತ್ಯದ ಲೀನ್ ಪರ್ಯಾಯದ್ವೀಪದಲ್ಲಿ ಈ ಪದ್ಧತಿ ಬಲವಾಯಿತು. ನಗರದ ಸಂಬಳಕ್ಕೆ ಹೊಂದಿದ ಬೆಲೆ ಊರಿನ ಬಡಗಿಗೆ, ದಾದಿಗೆ, ಉಪಾಧ್ಯಾಯನಿಗೆ ಎಟುಕೀತೆ? ಈ ಸಲ ತಡೆದದ್ದು ಶಾಸನವಲ್ಲ, ಹಣ.

ಬಾನುಲಿಯ ಬಂಧುಗಳಾದ ನಿಮಗೆ ಒಂದು ಸಂಗತಿ ಹಿಡಿಸೀತು. 1962ರ ಫೆಬ್ರವರಿ 13ರಂದು ಸಾಹಿತಿ ಸಾಂಡರ್ಸ್ ಲೂಯಿಸ್ ಬಿ.ಬಿ.ಸಿ.ಯಲ್ಲಿ ‘ಭಾಷೆಯ ವಿಧಿ’ ಎಂಬ ಭಾಷಣ ಮಾಡಿದರು. ಹೀಗೆಯೇ ನಡೆದರೆ ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯದೆಂದು ಎಚ್ಚರಿಸಿದರು. ಆ ಒಂದು ಭಾಷಣದ ಪ್ರೇರಣೆಯಿಂದ ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿತು. ಮನೆಗಳ ಜಗಳ ಮಾತ್ರ ಬೇರೆ ದಾರಿಯನ್ನೂ ಹಿಡಿಯಿತು: 1979ರ ಡಿಸೆಂಬರಿನಿಂದ ಹತ್ತು ಹನ್ನೆರಡು ವರ್ಷ ಗುಪ್ತ ತಂಡಗಳು ವಿಹಾರದ ಮನೆಗಳಿಗೆ ಬೆಂಕಿಯಿಟ್ಟುವು. ಸುಮಾರು ಇನ್ನೂರು ಮನೆಗಳು ಅದಕ್ಕೆ ತುತ್ತಾದುವು. ಬೆಲೆ ಇಳಿಯಲಿಲ್ಲ.

2020ರಲ್ಲಿ ಲೀನ್ ತೀರದ ನೆವಿನ್‌ನಿಂದ ಕೈರ್ನಾರ್ವನ್ನಿನವರೆಗೆ, ಸುಮಾರು ಇಪ್ಪತ್ತು ಮೈಲಿ, ಸ್ಥಳೀಯ ಪ್ರತಿನಿಧಿಗಳು ಕಾಲ್ನಡಿಗೆಯಲ್ಲಿ ಬಂದು ಊರಿನವರಿಗೆ ಊರಿನಲ್ಲೇ ಬಾಳುವ ಹಕ್ಕು ಬೇಕೆಂದರು. 2023ರಲ್ಲಿ ಗ್ವಿನೆಡ್ ಜಿಲ್ಲೆಯ ಆಡಳಿತವು ಎರಡನೆಯ ಮನೆಗಳ ಮೇಲಿನ ಅಧಿಕ ತೆರಿಗೆಯನ್ನು ಶೇ. 150ಕ್ಕೆ ಏರಿಸಿತು, ಎಂದರೆ ಒಡೆಯ ಕೊಡಬೇಕಾದದ್ದು ಎರಡೂವರೆಪಟ್ಟು. ಅಷ್ಟರಲ್ಲಿ, 2021ರ ಕೊನೆಗೆ, ವಿಹಾರಸ್ಥಾನವೆಂದು ಹೆಸರಾದ ಅಬರ್‌ಸೋಕ್‌ನ ಪ್ರಾಥಮಿಕ ಶಾಲೆ ಮಕ್ಕಳ ಕೊರತೆಯಿಂದ ಮುಚ್ಚಿತ್ತು. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎನ್ನುತ್ತೀರಾ? ಬಾಗಿಲು ಹಾಕುವುದೂ ಸುಲಭವಲ್ಲ. ಬರುವ ವಿಹಾರಿಗಳಿಂದಲೇ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತದೆ. ಹಿರಿಯರ ಮನೆಯನ್ನು ಒಳ್ಳೆಯ ಬೆಲೆಗೆ ಮಾರಿದವರಲ್ಲಿ ಊರಿನವರೂ ಇದ್ದಾರೆ.

ಭಾಷೆ ನಿಘಂಟಿನಲ್ಲಿ ಉಳಿದರೆ ಸಾಲದು. ನೆರೆಮನೆಯ ಜಗಲಿಯಲ್ಲಿ, ಅಂಗಡಿಯ ಕಟ್ಟೆಯಲ್ಲಿ, ಶಾಲೆಯ ಅಂಗಳದಲ್ಲಿ ಅದು ಕಿವಿಗೆ ಬೀಳಬೇಕು. ಚಳಿಗಾಲವೆಲ್ಲ ಬೀಗ ಬಿದ್ದ ಮನೆಯಿಂದ ಶಾಲೆಗೆ ಮಗು ಬಾರದು. ಲೂಯಿಸರು ಹೇಳಿದ ಗಡುವು ಕಳೆದರೂ 2021ರ ಗಣತಿಯಲ್ಲಿ ಗ್ವಿನೆಡ್‌ನ ನೂರಕ್ಕೆ ಅರುವತ್ತನಾಲ್ಕು ಮಂದಿ ವೆಲ್ಷ್ ಬಲ್ಲವರಾಗಿದ್ದರು. ಅವರ ಮಕ್ಕಳಿಗೆ ಆ ದಡದಲ್ಲೇ ಒಂದು ಸೂರು ಸಿಕ್ಕೀತೆ ಎಂಬುದರ ಮೇಲೆ ಮುಂದಿನ ಲೆಕ್ಕ ನಿಂತಿದೆ.